ಪಾದರಸಕ್ಕೆ ನಾಶವಿಲ್ಲ

ಅಪಾಯಕಾರಿ ತ್ಯಾಜ್ಯವೆಂದೊಡನೆ ನಮ್ಮ ಕಣ್ಣೆದುರು ನಿಲ್ಲುವುದು ಕಾರ್ಖಾನೆಯ ಕೊಳೆನೀರಿನ ಕಾಲುವೆ. ಆದರೆ ಮನೆಯ ಔಷಧಿ ಡಬ್ಬಿಯಲ್ಲಿರುವ ಪಾದರಸದ ಥರ್ಮಾಮೀಟರೂ ಒಡೆದ ಕ್ಷಣದಿಂದ ಅದೇ ವರ್ಗಕ್ಕೆ ಸೇರುತ್ತದೆ. ಇತರ ಬಹಳಷ್ಟು ಕಸ ಕೊಳೆಯುತ್ತದೆ, ಇಲ್ಲವೇ ಸುಟ್ಟರೆ ಬೂದಿಯಾಗುತ್ತದೆ. ಪಾದರಸವು ಮೂಲಧಾತು; ಅದು ಕೊಳೆಯದು. ಸುಟ್ಟರೆ ಆವಿಯಾಗಿ ಗಾಳಿಗೆ ಸೇರಿ, ಮಳೆಯೊಡನೆ ಮರಳಿ ನೆಲಕ್ಕೂ ನೀರಿಗೂ ಇಳಿಯುತ್ತದೆ.

ನೀರಿಗಿಳಿದ ಪಾದರಸದ ಪರಿಣಾಮವನ್ನು ಜಗತ್ತಿಗೆ ತಿಳಿಸಿದ ಊರು ಜಪಾನಿನ ಮಿನಮಾತ. ಅಲ್ಲಿನ ಚಿಸ್ಸೋ ಕಾರ್ಖಾನೆಯು 1932ರಿಂದ ಪಾದರಸವನ್ನು ಬಳಸಿ ಅಸಿಟಾಲ್ಡಿಹೈಡ್ ಎಂಬ ರಾಸಾಯನಿಕವನ್ನು ತಯಾರಿಸುತ್ತ, ಕೊಳೆನೀರನ್ನು ಸಮುದ್ರಕ್ಕೆ ಬಿಡುತ್ತಿತ್ತು. ಅದರಲ್ಲಿದ್ದ ಮೀಥೈಲ್ ಪಾದರಸವು ಮೀನುಗಳ ದೇಹದಲ್ಲಿ ಶೇಖರವಾಯಿತು. ಸಣ್ಣ ಮೀನನ್ನು ತಿಂದ ದೊಡ್ಡ ಮೀನಿನಲ್ಲಿ ಮತ್ತಷ್ಟು ಹೆಚ್ಚಿತು. ಮೀನು ತಿಂದ ಬೆಕ್ಕುಗಳು ಸೆಳವು ಬಂದು ಸತ್ತವು. ಮನುಷ್ಯರಲ್ಲಿ ಈ ರೋಗವು ಅಧಿಕೃತವಾಗಿ ದಾಖಲಾದದ್ದು 1956ರ ಮೇ 1ರಂದು. ಕೈಕಾಲು ಜೋಮು, ತಡವರಿಸುವ ನಡಿಗೆ, ತೊದಲು ಮಾತು, ಕುಗ್ಗುವ ದೃಷ್ಟಿ ಅದರ ಲಕ್ಷಣಗಳು. ತಾಯಿಗೆ ಹೆಚ್ಚಿನ ಬಾಧೆ ಕಾಣದಿದ್ದರೂ ಗರ್ಭಸ್ಥ ಶಿಶುವಿನ ಮೆದುಳು ಕೆಟ್ಟ ನಿದರ್ಶನಗಳು ಅಲ್ಲಿ ಹಲವು. ಕಾರ್ಖಾನೆಯ ಆಸ್ಪತ್ರೆಯ ವೈದ್ಯರಾದ ಹೊಸೊಕಾವ ಅವರು 1959ರಲ್ಲಿ ಬೆಕ್ಕಿಗೆ ಆ ಕೊಳೆನೀರನ್ನು ಉಣಿಸಿ ಇದೇ ರೋಗವನ್ನು ಕಂಡರು. ಆ ಫಲಿತಾಂಶವನ್ನು ಸಂಸ್ಥೆ ಹೊರಬಿಡಲಿಲ್ಲ. ಆದುದರಿಂದ ಅಜ್ಞಾನವನ್ನೇ ದೂರುವಂತಿಲ್ಲ. ಪಾದರಸದ ಆ ಹರಿವು ನಿಂತದ್ದು 1968ರಲ್ಲಿ. ಮುಂದೆ ಕೊಲ್ಲಿಯ ತಳದ ಕೆಸರನ್ನೆತ್ತಿ ತುಂಬಿ, ಮೇಲೆ ಮಣ್ಣು ಹೊದಿಸಿ 58 ಹೆಕ್ಟೇರ್ ನೆಲವನ್ನು ಮಾಡಿದರು; ಕೆಲಸ ಮುಗಿದಾಗ 1990. ಪಾದರಸ ಇಂದಿಗೂ ಅದರ ಕೆಳಗೇ ಇದೆ.

ವಿಲೇವಾರಿಯಿಂದ ತೀರದ ಇಂತಹ ವಿಷಕ್ಕೆ ಬಳಕೆಯನ್ನು ಬಿಡುವುದೇ ಉಪಾಯ. 2013ರಲ್ಲಿ ರೂಪುಗೊಂಡು 2017ರಲ್ಲಿ ಜಾರಿಗೆ ಬಂದ ಮಿನಮಾತ ಒಪ್ಪಂದವು ಪಾದರಸದ ಥರ್ಮಾಮೀಟರು, ರಕ್ತದೊತ್ತಡ ಮಾಪಕಗಳ ತಯಾರಿಕೆಗೆ 2020ರ ಗಡುವನ್ನು ವಿಧಿಸಿತು. ಕೇಳಿದ ದೇಶಗಳಿಗೆ ಹೆಚ್ಚಿನ ಅವಧಿಯೂ ದೊರೆಯಿತು. ಭಾರತವು 2018ರಲ್ಲಿ ಈ ಒಪ್ಪಂದವನ್ನು ಅಂಗೀಕರಿಸಿದೆ.

ಮನೆಯಲ್ಲಿ ಥರ್ಮಾಮೀಟರು ಒಡೆದರೆ ಮಕ್ಕಳನ್ನೂ ಗರ್ಭಿಣಿಯರನ್ನೂ ಆ ಕೋಣೆಯಿಂದ ಹೊರಗೆ ಕಳುಹಿಸಿ, ಫ್ಯಾನು ಆರಿಸಿ, ಕಿಟಕಿಗಳನ್ನು ತೆರೆಯಬೇಕು. ಪೊರಕೆಯಿಂದ ಗುಡಿಸಲೇಬಾರದು, ಹನಿಗಳು ಒಡೆದು ಸಂದುಗಳನ್ನು ಸೇರುತ್ತವೆ. ಪಾದರಸವು ಚಿನ್ನಕ್ಕೆ ಅಂಟುವುದರಿಂದ ಉಂಗುರ, ಬಳೆಗಳನ್ನು ತೆಗೆದಿಟ್ಟು, ಕೈಗವಸು ಧರಿಸಿ, ಎರಡು ದಪ್ಪ ಕಾಗದಗಳ ನಡುವೆ ಹನಿಗಳನ್ನು ಒಟ್ಟುಗೂಡಿಸಿ, ಬಿಗಿ ಮುಚ್ಚಳದ ಪ್ಲಾಸ್ಟಿಕ್ ಡಬ್ಬಿಯಲ್ಲಿ ಸ್ವಲ್ಪ ನೀರಿನೊಡನೆ ಇಡಬೇಕು. ಟಾರ್ಚನ್ನು ನೆಲಕ್ಕೆ ಓರೆಯಾಗಿ ಹಿಡಿದರೆ ಉಳಿದ ಹನಿಗಳು ಹೊಳೆದು ಕಾಣುತ್ತವೆ. ಬಚ್ಚಲಿಗೆ ಸುರಿಯುವುದು, ಒಲೆಗೆ ಹಾಕುವುದು ಎರಡೂ ಕೂಡದು. ಮಗು ಹನಿಯನ್ನು ನುಂಗಿತೆಂದು ತಾಯಂದಿರು ಗಾಬರಿಗೊಳ್ಳುವುದುಂಟು. ಲೋಹರೂಪದ ಪಾದರಸವನ್ನು ಕರುಳು ಹೀರುವುದು ಅತ್ಯಲ್ಪ. ಉಸಿರಿನೊಡನೆ ಒಳಹೋಗುವ ಆವಿಯೇ ಹೆಚ್ಚು ಅಪಾಯಕರ. ಆದರೂ ಗಾಜಿನ ಚೂರಿನ ಸಂಶಯಕ್ಕಾಗಿ ವೈದ್ಯರಿಗೆ ತೋರಿಸತಕ್ಕದ್ದು.

ಒಡೆದ ಥರ್ಮಾಮೀಟರು, ಟ್ಯೂಬ್‌ಲೈಟು, ಬಳಸಿದ ಬ್ಯಾಟರಿ, ಅವಧಿ ಮೀರಿದ ಔಷಧಿಗಳನ್ನು 2016ರ ಘನತ್ಯಾಜ್ಯ ನಿರ್ವಹಣಾ ನಿಯಮಗಳು ಗೃಹಬಳಕೆಯ ಅಪಾಯಕಾರಿ ತ್ಯಾಜ್ಯವೆಂದು ಹೆಸರಿಸಿದ್ದವು. ಇವುಗಳನ್ನು ಹಸಿಕಸ, ಒಣಕಸಗಳೊಡನೆ ಬೆರೆಸದೆ, ಪುರಸಭೆ ಅಥವಾ ಪಂಚಾಯಿತಿಯ ಕಸದ ಗಾಡಿಯವರಿಗೆ ಹೇಳಿ ಬೇರೆಯಾಗಿಯೇ ಒಪ್ಪಿಸಬೇಕು. ಡಬ್ಬಿಯ ಮೇಲೆ ‘ಪಾದರಸ’ವೆಂದು ಬರೆದಿದ್ದರೆ ಕಸ ವಿಂಗಡಿಸುವವರು ಬರಿಗೈಯಿಂದ ಅದನ್ನು ತೆರೆಯುವುದು ತಪ್ಪುತ್ತದೆ.