ಉರಿ ಒಂದೇ, ಗುಂಡಿ ಎರಡೇಕೆ?

ಪ್ರಶ್ನೆ: ಅಮೆರಿಕದಲ್ಲಿರುವ ಮಗಳ ಮನೆಗೆ ಬಂದಿದ್ದೇನೆ. ಇಲ್ಲಿ ಮೇಲೆ ಒಲೆ, ಕೆಳಗೆ ಓವನ್ ಇರುವ ಗ್ಯಾಸ್ ರೇಂಜ್ ಇದೆ. ಓವನ್‌ಗೆ ‘ಬೇಕ್’ ಎಂದೊಂದು, ‘ಕನ್ವೆಕ್ಷನ್ ಬೇಕ್’ ಎಂದೊಂದು ಗುಂಡಿ. ಎರಡಕ್ಕೂ ಉರಿಯುವುದು ಅದೇ ಗ್ಯಾಸ್ ತಾನೆ? ಖಾರ ಬಿಸ್ಕತ್ತು ಮಾಡಲು ಯಾವುದನ್ನು ಒತ್ತಲಿ? ಊರಿನ ನಮ್ಮ ಮೈಕ್ರೋವೇವ್‌ನಲ್ಲಿಯೂ ಕನ್ವೆಕ್ಷನ್ ಇದೆ. ಇದೂ ಅದೂ ಒಂದೇನಾ?

ಉತ್ತರ: ಉರಿ ಒಂದೇ ಆದ ಮೇಲೆ ಗುಂಡಿ ಎರಡೇಕೆ ಎಂಬ ನಿಮ್ಮ ಅನುಮಾನ ಸಹಜವೇ. ಕೇಳಿದ್ದು ಒಳ್ಳೆಯದಾಯಿತು. ಹೆಚ್ಚಿನ ಗ್ಯಾಸ್ ಓವನ್‌ಗಳಲ್ಲಿ ಎರಡಕ್ಕೂ ಉರಿಯುವುದು ತಳದ ತಗಡಿನ ಅಡಿಯಲ್ಲಿರುವ ಅದೇ ಬರ್ನರ್. ಕನ್ವೆಕ್ಷನ್ ಒತ್ತಿದರೆ ಒಳಗೆ ಹಿಂಬದಿಯಲ್ಲಿರುವ ಫ್ಯಾನ್ ತಿರುಗತೊಡಗುತ್ತದೆ. ಕೆಲವು ಮಾದರಿಗಳಲ್ಲಿ ಫ್ಯಾನಿನ ಸುತ್ತ ವಿದ್ಯುತ್ ಕಾಯಿಲ್ ಇರುವುದೂ ಉಂಟು.

ಫ್ಯಾನಿನಿಂದ ಆಗುವುದೇನು? ತಣ್ಣಗಿನ ಹಿಟ್ಟನ್ನು ಒಳಗಿಟ್ಟಾಗ ಅದನ್ನು ಮುಟ್ಟಿಕೊಂಡಿರುವ ಗಾಳಿಯೂ ತಣಿದು, ತೆಳುವಾದ ಪದರವಾಗಿ ಅಲ್ಲೇ ನಿಲ್ಲುತ್ತದೆ. ಫ್ಯಾನ್ ಅದನ್ನು ಸರಿಸಿ ಹೊಸ ಬಿಸಿಗಾಳಿ ತಾಗುವಂತೆ ಮಾಡುತ್ತದೆ. ಚಿತ್ರಾನ್ನಕ್ಕೆಂದು ಹರಡಿದ ಅನ್ನಕ್ಕೆ ಬೀಸಣಿಗೆಯಿಂದ ಬೀಸಿದರೆ ಬೇಗ ಆರುತ್ತದಲ್ಲ, ಅದೇ ಲೆಕ್ಕ ಇಲ್ಲಿ ತಿರುಗುಮುರುಗು. ಜೊತೆಗೆ, ಬಿಸಿಗಾಳಿ ಮೇಲಕ್ಕೇರಿ ಅಲ್ಲೇ ನಿಲ್ಲದೆ ಎಲ್ಲ ಕಡೆ ಸುತ್ತುವುದರಿಂದ ಎರಡು ಟ್ರೇ ಇಟ್ಟರೂ ಎರಡೂ ಹೆಚ್ಚುಕಡಿಮೆ ಒಂದೇ ಹದಕ್ಕೆ ಬೇಯುತ್ತವೆ.

ಗ್ಯಾಸ್ ಓವನ್‌ಗೆ ಇದರಿಂದ ಇನ್ನೊಂದು ಅನುಕೂಲವಿದೆ. ಗ್ಯಾಸ್ ಉರಿದಾಗ ನೀರಾವಿ ಹುಟ್ಟುತ್ತದೆ; ಗ್ಯಾಸಿನಲ್ಲಿರುವ ಮೀಥೇನಿನ ಒಂದು ಅಣು ಪೂರ್ತಿ ಉರಿದರೆ ನೀರಿನ 2 ಅಣು. ಹಾಗಾಗಿ ಒಳಗಿನ ಗಾಳಿ ಕೊಂಚ ತೇವ. ಫ್ಯಾನ್ ತಿನಿಸಿನ ಮೇಲಿನ ಪಸೆಯನ್ನು ಬೇಗ ಒಯ್ಯುತ್ತದೆ. ಖಾರ ಬಿಸ್ಕತ್ತು, ರಸ್ಕು, ಹುರಿದ ಕಡಲೆಬೀಜ, ಹೀಗೆ ಗರಿಗರಿಯಾಗಬೇಕಾದ ಯಾವುದಕ್ಕೂ ಕನ್ವೆಕ್ಷನ್ ಒತ್ತಿ. ಕೇಕಿನ ತೆಳು ಹಿಟ್ಟಿಗೆ, ಕಸ್ಟರ್ಡಿಗೆ ಬರೀ ‘ಬೇಕ್’ ಸಾಕು. ಗಾಳಿಯ ರಭಸಕ್ಕೆ ಕೇಕಿನ ಮೇಲ್ಭಾಗ ಬೇಗ ಗಟ್ಟಿಯಾಗಿ, ಒಂದು ಮಗ್ಗುಲಿಗೆ ವಾಲಬಹುದು.

ಈಗ ಬಿಸಿಯ ಲೆಕ್ಕ. ಅಲ್ಲಿನ ಓವನ್ ಸಾಮಾನ್ಯವಾಗಿ ತೋರಿಸುವುದು ಫ್ಯಾರನ್‌ಹೀಟ್. 350 ಎಂದರೆ ನಮ್ಮ 177 ಡಿಗ್ರಿ ಸೆಲ್ಸಿಯಸ್. ಪಾಕವಿಧಾನದಲ್ಲಿ 350 ಎಂದಿದ್ದರೆ ಕನ್ವೆಕ್ಷನ್‌ಗೆ 325 ಇಡುವುದು ರೂಢಿ. ಆದರೆ ಕೆಲವು ಓವನ್‌ಗಳು ಆ 25 ಡಿಗ್ರಿಯನ್ನು ತಾವೇ ಇಳಿಸಿಕೊಳ್ಳುತ್ತವೆ. 350 ಒತ್ತಿದ ಮೇಲೆ ಪರದೆಯಲ್ಲಿ 325 ಕಂಡರೆ ನೀವು ಮತ್ತೆ ಇಳಿಸಬೇಡಿ, ಬಿಸ್ಕತ್ತು ಬಿಳಿಚಿಕೊಂಡೇ ಉಳಿಯುತ್ತದೆ.

ಇನ್ನು ಮೈಕ್ರೋವೇವ್. ಅಲ್ಲಿ ಕನ್ವೆಕ್ಷನ್ ಒತ್ತಿದಾಗ ಕೆಲಸ ಮಾಡುವುದೂ ಹೀಟರ್ ಮತ್ತು ಫ್ಯಾನ್, ತತ್ವ ಇದೇ. ಗೊಂದಲವಾಗುವುದು ಪಾತ್ರೆಯ ವಿಷಯದಲ್ಲಿ. ‘ಮೈಕ್ರೋವೇವ್ ಸೇಫ್’ ಎಂದು ಬರೆದಿರುವ ಪ್ಲಾಸ್ಟಿಕ್ ಡಬ್ಬಿಯನ್ನು ಗ್ಯಾಸ್ ಓವನ್‌ನಲ್ಲಿ ಇಡಲೇಬಾರದು, ಕರಗಿ ತಂತಿ ಜಾಲರಿಗೆ ಅಂಟಿಕೊಳ್ಳುತ್ತದೆ. ಮೈಕ್ರೋವೇವ್‌ನಲ್ಲಿ ಇಡಲು ಹೆದರುತ್ತಿದ್ದ ಅಲ್ಯೂಮಿನಿಯಂ ಟ್ರೇ ಇಲ್ಲಿ ನಿಶ್ಚಿಂತೆಯಾಗಿ ನಡೆಯುತ್ತದೆ.

ನಿಮ್ಮ ಬಿಸ್ಕತ್ತಿಗೆ ಅಂಚು ಗಿಡ್ಡಗಿರುವ ಟ್ರೇ ಆರಿಸಿ. ಅಂಚು ಎತ್ತರವಿದ್ದರೆ ಗಾಳಿಗೆ ಅಡ್ಡ. ಟ್ರೇ ಮತ್ತು ಗೋಡೆಯ ನಡುವೆ ಎರಡು ಬೆರಳಾದರೂ ಜಾಗವಿರಲಿ. ಬೇಕಿಂಗ್ ಪೇಪರನ್ನು ಟ್ರೇಯ ಅಳತೆಗೇ ಕತ್ತರಿಸಿ, ಇಲ್ಲದಿದ್ದರೆ ಅದರ ಮೂಲೆ ಗಾಳಿಗೆ ಎದ್ದು ಹಸಿ ಬಿಸ್ಕತ್ತಿನ ಮೇಲೆ ಮಡಚಿಕೊಳ್ಳುತ್ತದೆ. ಹೇಳಿದ ಹೊತ್ತಿಗಿಂತ ಐದು ನಿಮಿಷ ಮೊದಲೇ ಇಣುಕಿ ನೋಡಿ. ಓವನ್‌ನ ತಳಕ್ಕೆ ಮಾತ್ರ ಫಾಯಿಲ್ ಹಾಸಬೇಡಿ. ಅಲ್ಲಿನ ಕಿಂಡಿಗಳು ಮುಚ್ಚಿಹೋದರೆ ಗ್ಯಾಸ್ ಸರಿಯಾಗಿ ಉರಿಯದೆ ಕಾರ್ಬನ್ ಮಾನಾಕ್ಸೈಡ್ ತುಂಬಿಕೊಳ್ಳಬಹುದು. ಒಲೆಯ ಮೇಲಿನ ಎಗ್ಸಾಸ್ಟ್ ಫ್ಯಾನನ್ನೂ ಹಾಕಿಕೊಳ್ಳಿ.

ಕರೆಂಟು ಹೋದರೆ? ಮೇಲಿನ ಒಲೆಗಳನ್ನು ಸಾಮಾನ್ಯವಾಗಿ ಬೆಂಕಿಕಡ್ಡಿಯಿಂದ ಹಚ್ಚಬಹುದು. ಈಗಿನ ಓವನ್ ಹಾಗಲ್ಲ. ಒಳಗಿನ ಇಗ್ನೈಟರ್ ಕರೆಂಟಿನಿಂದ ಕೆಂಪಗೆ ಕಾದ ಮೇಲಷ್ಟೇ ಗ್ಯಾಸಿನ ವಾಲ್ವ್ ತೆರೆಯುತ್ತದೆ. ಅದನ್ನು ಕಡ್ಡಿ ಗೀರಿ ಹಚ್ಚಲು ಹೋಗಬೇಡಿ, ಕರೆಂಟು ಬರುವವರೆಗೆ ಹಿಟ್ಟು ಫ್ರಿಜ್‌ನಲ್ಲಿ ಕಾಯಲಿ.