ಎಂ.ಡಿ. ಮತ್ತು ಡಿ.ಒ. : ಒಂದು ವಿವೇಚನೆ

ನನ್ನೊಡನೆ ಇದೇ ಶಾಲೆಯಲ್ಲಿ ಕಲಿತ ಗೆಳೆಯರೊಬ್ಬರು ಬಹುಕಾಲದಿಂದ ಅಮೆರಿಕೆಯಲ್ಲಿ ನೆಲೆಸಿದ್ದಾರೆ. ಅವರ ಮಗಳಿಗೆ ಅಲ್ಲಿನ ಎರಡು ವೈದ್ಯಕೀಯ ಕಾಲೇಜುಗಳಿಂದ ಏಕಕಾಲಕ್ಕೆ ಪ್ರವೇಶಪತ್ರ ಬಂದಿತು. ಒಂದು, ತನ್ನ ಮೊದಲ ತಂಡವನ್ನು ಆಗಷ್ಟೇ ಸೇರಿಸಿಕೊಳ್ಳುತ್ತಿದ್ದ ಹೊಸ ಎಂ.ಡಿ. ಕಾಲೇಜು, ಇನ್ನೊಂದು, ನೂರು ವರ್ಷಗಳಿಗೂ ಹಿಂದಿನ ಡಿ.ಒ. ಕಾಲೇಜು. “ಪಂಡಿತರೇ, ಮಗಳಿಗೇನೋ ಹಳೆಯದರ ಮೇಲೆ ಮನಸ್ಸು. ಊರಿನ ನೆಂಟರು ಡಿ.ಒ. ಎಂದರೇನೆಂದು ಕೇಳಿದರೆ ನಾನೇನು ಹೇಳಲಿ?” ಎಂದು ಗೆಳೆಯರು ಬರೆದರು. ವ್ಯಾಕರಣ ಬೋಧಿಸುವವನಿಗೆ ಈ ಪ್ರಶ್ನೆಯೇಕೆಂದು ಮೊದಲು ನಗೆ ಬಂದಿತು. ವಿಚಾರಿಸುತ್ತ ಹೋದಂತೆ, ಇಲ್ಲಿನ ತೊಡಕಿನ ಅರ್ಧಭಾಗ ಶಬ್ದದ್ದೇ ಎಂಬುದು ವಿದಿತವಾಯಿತು.

ನಮ್ಮಲ್ಲಿ ಎಂ.ಬಿ.ಬಿ.ಎಸ್. ಮುಗಿಸಿದವರು ಮುಂದೆ ಓದುವುದು ಎಂ.ಡಿ. ಅಮೆರಿಕೆಯಲ್ಲಾದರೋ ಸಾಮಾನ್ಯ ಪದವಿಯ ಬಳಿಕ ನಾಲ್ಕು ವರ್ಷ ಓದಿ ಪಡೆಯುವ ಮೊದಲ ವೈದ್ಯಪದವಿಯೇ ಎಂ.ಡಿ. ಡಿ.ಒ. ಎಂಬುದೂ ನಾಲ್ಕೇ ವರ್ಷಗಳದು. ‘ಆಸ್ಟಿಯೋಪತಿ’ಯ ಪೂರ್ವಪದವಾದ ಗ್ರೀಕರ ‘ಆಸ್ಟಿಯಾನ್’ ನಮ್ಮ ಸಂಸ್ಕೃತದ ‘ಅಸ್ಥಿ’ಗೆ ಸೋದರ ಶಬ್ದ. ಇಷ್ಟು ಕೇಳಿ, ಇವರು ಎಲುಬು ಕಟ್ಟುವ ನಾಟಿ ವೈದ್ಯರೆಂದು ತಿಳಿಯಬಾರದು. ಔಷಧ ಕೊಡುವುದಕ್ಕೂ ಶಸ್ತ್ರಕ್ರಿಯೆ ಮಾಡುವುದಕ್ಕೂ ಎಂ.ಡಿ.ಗಳಿಗಿರುವ ಅಧಿಕಾರವೆಲ್ಲ ಅಮೆರಿಕೆಯ ಡಿ.ಒ.ಗಳಿಗೂ ಉಂಟು. ಕೈಯಿಂದ ಮೈಯ ಕೀಲು, ಸ್ನಾಯುಗಳನ್ನು ಪರೀಕ್ಷಿಸಿ ಸರಿಪಡಿಸುವ ವಿದ್ಯೆಯನ್ನು ಅವರು ಹೆಚ್ಚಿಗೆಯಾಗಿ ಕಲಿಯುತ್ತಾರೆ.

ಈ ಪಂಥವನ್ನು ಸ್ಥಾಪಿಸಿದ ಆಂಡ್ರ್ಯೂ ಟೇಲರ್ ಸ್ಟಿಲ್ (1828-1917) ಅವರು 1864ರಲ್ಲಿ ತಮ್ಮ ಮಕ್ಕಳನ್ನು ಮೆದುಳುಪೊರೆಯ ರೋಗಕ್ಕೆ ಕಳೆದುಕೊಂಡವರು. ತಮ್ಮ ಕಾಲದ ಔಷಧಗಳಲ್ಲಿ ವಿಶ್ವಾಸ ತಪ್ಪಿ ಬೇರೆ ದಾರಿ ಹುಡುಕಿದ ಅವರು 1892ರಲ್ಲಿ ಮಿಸ್ಸೂರಿ ಸಂಸ್ಥಾನದ ಕರ್ಕ್ಸ್‌ವಿಲ್ ಎಂಬ ಊರಿನಲ್ಲಿ ಮೊದಲ ಶಾಲೆ ತೆರೆದರು. ಬಹುಕಾಲ ಈ ವೈದ್ಯರನ್ನು ಪಂಕ್ತಿಯಿಂದ ಹೊರಗೇ ಇರಿಸಲಾಗಿತ್ತು. 1962ರಲ್ಲಿ ಕ್ಯಾಲಿಫೋರ್ನಿಯದಲ್ಲಿ ಒಂದು ವಿಚಿತ್ರ ನಡೆಯಿತು. ಅಲ್ಲಿನ ಸುಮಾರು ಎರಡು ಸಾವಿರ ಡಿ.ಒ.ಗಳು 65 ಡಾಲರ್ ಶುಲ್ಕ ತೆತ್ತು ಎಂ.ಡಿ.ಗಳಾದರು! ಕೈ ಅದೇ, ರೋಗಿಯೂ ಅವನೇ. ಫಲಕದ ಮೇಲಿನ ಅಕ್ಷರಗಳು ಮಾತ್ರ ಬೇರೆ. ಹೊಸ ಡಿ.ಒ.ಗಳಿಗೆ ಆ ಸಂಸ್ಥಾನದಲ್ಲಿ ಮುಚ್ಚಿದ್ದ ಬಾಗಿಲು 1974ರಲ್ಲಿ ನ್ಯಾಯಾಲಯದ ತೀರ್ಪಿನಿಂದ ಮತ್ತೆ ತೆರೆಯಿತು. 2020ರ ಹೊತ್ತಿಗೆ, ಪದವಿಯ ಬಳಿಕ ಆಸ್ಪತ್ರೆಗಳಲ್ಲಿ ನಡೆಯುವ ರೆಸಿಡೆನ್ಸಿ ತರಬೇತಿಯು ಎರಡೂ ಪಂಗಡಗಳಿಗೆ ಒಂದೇ ಮಂಡಲಿಯ ಮಾನ್ಯತೆಗೆ ಒಳಪಟ್ಟಿತು. 2024ರಲ್ಲಿ ಅಂತಿಮ ವರ್ಷದ ಎಂ.ಡಿ. ಅಭ್ಯರ್ಥಿಗಳಲ್ಲಿ ಶೇಕಡ 93.5, ಡಿ.ಒ.ಗಳಲ್ಲಿ ಶೇಕಡ 92.3 ಮಂದಿಗೆ ತರಬೇತಿಯ ಸ್ಥಾನ ದೊರೆಯಿತು.

ಹಾಗೆಂದು ಭೇದವೇ ಇಲ್ಲವೆಂದರೆ ಸುಳ್ಳಾದೀತು. ಮೆದುಳಿನ ಶಸ್ತ್ರಕ್ರಿಯೆ, ಚರ್ಮರೋಗ ಮೊದಲಾದ ಹೆಚ್ಚು ಪೈಪೋಟಿಯ ಶಾಖೆಗಳಲ್ಲಿ ಡಿ.ಒ.ಗಳು ಇಂದಿಗೂ ವಿರಳ. ಅವರಿಗೆ ಕಾಮ್ಲೆಕ್ಸ್ ಪರೀಕ್ಷೆ ಕಡ್ಡಾಯ; ಅದರ ಮೇಲೆ, ಎಂ.ಡಿ.ಗಳು ಬರೆಯುವ ಯು.ಎಸ್.ಎಂ.ಎಲ್.ಇ.ಯನ್ನೂ ಅನೇಕರು ಬರೆಯುತ್ತಾರೆ. ಶ್ರಮವೂ ವೆಚ್ಚವೂ ಇಮ್ಮಡಿ.

ಇನ್ನು ಹೊಸ ಕಾಲೇಜಿನ ಮಾತು. ಎಂ.ಡಿ. ಕಾಲೇಜುಗಳಿಗೆ ಮಾನ್ಯತೆ ಮೂರು ಮೆಟ್ಟಿಲುಗಳಲ್ಲಿ ದೊರೆಯುತ್ತದೆ: ಪ್ರಾಥಮಿಕ, ತಾತ್ಕಾಲಿಕ, ಪೂರ್ಣ. ಮೊದಲ ತಂಡವು ಕಡೆಯ ವರ್ಷಕ್ಕೆ ಬರುವ ಹೊತ್ತಿಗೇ ಪೂರ್ಣ ಮಾನ್ಯತೆಯ ಮಾತು. ಅಲ್ಲಿಯವರೆಗೆ ದಾರಿ ತೋರಲು ಹಿರಿಯ ವಿದ್ಯಾರ್ಥಿಗಳಿಲ್ಲ. ಹೊರಬಿದ್ದವರು ಎಲ್ಲೆಲ್ಲಿ ಸೇರಿದರೆಂಬ ಪಟ್ಟಿಯೂ ಇಲ್ಲ. ಆದರೆ ಹೊಸತಕ್ಕೆ ಉತ್ಸಾಹವಿರುತ್ತದೆ, ಕೆಲವೊಮ್ಮೆ ಔದಾರ್ಯವೂ ಇರುತ್ತದೆ. ಪಸಡೀನಾದಲ್ಲಿ 2020ರಲ್ಲಿ ತೆರೆದ ಕೈಸರ್ ಪರ್ಮನೆಂಟೆ ವೈದ್ಯಶಾಲೆಯು ತನ್ನ ಮೊದಲ ಐದು ತಂಡಗಳಿಗೆ ಬೋಧನಾಶುಲ್ಕವನ್ನೇ ಬಿಟ್ಟುಕೊಟ್ಟಿತು. ಇತ್ತ ಹಳೆಯದೆಂಬ ಮಾತ್ರಕ್ಕೆ ಎಲ್ಲವೂ ಸುಗಮವಲ್ಲ. ಎಷ್ಟೋ ಡಿ.ಒ. ಕಾಲೇಜುಗಳಿಗೆ ಸ್ವಂತ ಆಸ್ಪತ್ರೆಯಿಲ್ಲ. ಮೂರನೆಯ, ನಾಲ್ಕನೆಯ ವರ್ಷಗಳಲ್ಲಿ ವಿದ್ಯಾರ್ಥಿಗಳು ದೂರದೂರದ ಊರುಗಳಿಗೆ ಚದುರಿಹೋಗುತ್ತಾರೆ. ವೈದ್ಯ ರೂಪುಗೊಳ್ಳುವುದು ಆ ಎರಡು ವರ್ಷಗಳಲ್ಲಿ, ರೋಗಿಯ ಮಂಚದ ಬಳಿ. ಆದ್ದರಿಂದ ಕೇಳಬೇಕಾದುದು ಆಸ್ಪತ್ರೆ ಯಾವುದು, ಅಲ್ಲಿ ಕಲಿಸುವವರು ಯಾರು, ರೆಸಿಡೆನ್ಸಿ ತರಬೇತಿ ಅಲ್ಲಿಯೇ ನಡೆಯುತ್ತದೆಯೇ ಎಂಬುದನ್ನು. ಪದವಿಯ ಅಕ್ಷರಗಳ ವಿಚಾರ ಇದಾದ ಮೇಲೆ.

ನಾನು ಆ ಹುಡುಗಿಗೆ, “ನೀನು ಯಾವ ಬಗೆಯ ವೈದ್ಯೆಯಾಗಬಯಸುವೆ?” ಎಂದಷ್ಟೇ ಬರೆದೆ. ಮೆದುಳಿನ ಶಸ್ತ್ರಕ್ರಿಯೆ ಎಂದಿದ್ದರೆ, ದೊಡ್ಡ ಆಸ್ಪತ್ರೆಯ ಆಸರೆಯಿರುವ ಪಕ್ಷದಲ್ಲಿ ಹೊಸದನ್ನೇ ಹಿಡಿ ಎನ್ನುತ್ತಿದ್ದೆ. “ಸಣ್ಣ ಊರಿನಲ್ಲಿ ಮನೆಮಂದಿಗೆಲ್ಲ ಬೇಕಾಗುವ ಡಾಕ್ಟರಾಗಬೇಕು, ಕಾಕಾ” ಎಂದು ಅವಳ ಉತ್ತರ ಬಂದಿತು. ಹಾಗಾದರೆ ಹಳೆಯದೇ ಇರಲಿ, ಆದರೆ ಅಲ್ಲಿ ನಾಲ್ಕನೆಯ ವರ್ಷದಲ್ಲಿರುವವರನ್ನು ಮಾತನಾಡಿಸದೆ ಹಣ ಕಟ್ಟಬೇಡ ಎಂದು ತಿಳಿಸಿದೆ. ಅವಳು ಮೂವರನ್ನು ಮಾತನಾಡಿಸಿ, ತಾನು ಕೆಲಸ ಕಲಿಯಬೇಕಾದ ಆಸ್ಪತ್ರೆಯನ್ನೂ ಕಂಡುಬಂದು, ಡಿ.ಒ. ಕಾಲೇಜನ್ನೇ ಸೇರಿದಳು. ಮರುವರ್ಷ ಊರಿಗೆ ಬಂದ ಗೆಳೆಯರು ನೆಂಟರ ಮುಂದೆ, “ಮಗಳು ಡಾಕ್ಟರಿಕೆ ಓದುತ್ತಿದ್ದಾಳೆ” ಎಂದರು. ಯಾವ ಪದವಿಯೆಂದು ಯಾರೂ ಕೇಳಲಿಲ್ಲ.