ಲ್ಯಾವೆಂಡರ್ ಹೂವಿನ ಪರಿಮಳ

ಮಕ್ಕಳೇ, ಸಾಬೂನಿನ ಹೊದಿಕೆಯ ಮೇಲೆ ನಸುನೇರಳೆ ಬಣ್ಣದ ಹೂಗೊಂಚಲಿನ ಚಿತ್ರವನ್ನು ನೀವು ನೋಡಿರಬಹುದು. ಅದು ಲ್ಯಾವೆಂಡರ್ ಹೂವು. ಹೆಸರು ಕೇಳಿದರೆ ನಮ್ಮ ಲಾವಂಚದ ನೆನಪಾಗುತ್ತದೆ, ಅಲ್ಲವೇ? ಆದರೆ ಅವೆರಡೂ ಬೇರೆ ಬೇರೆ. ಲಾವಂಚ ಒಂದು ಜಾತಿಯ ಹುಲ್ಲು; ಅದರ ಪರಿಮಳ ಬೇರಿನಲ್ಲಿದೆ. ಲ್ಯಾವೆಂಡರಿನ ಪರಿಮಳ ಹೂವಿನಲ್ಲಿದೆ.

ಇಂಗ್ಲೆಂಡಿನ ಜನರಿಗೆ ಈ ಹೂವೆಂದರೆ ಬಲು ಪ್ರೀತಿ. ಒಣಗಿದ ಹೂಗಳನ್ನು ಪುಟ್ಟ ಚೀಲದಲ್ಲಿ ಕಟ್ಟಿ ಬಟ್ಟೆಗಳ ನಡುವೆ ಇಡುತ್ತಾರೆ. ಬಟ್ಟೆಗೆ ಕಂಪು ಬರುತ್ತದೆ, ಹುಳುಗಳೂ ಹತ್ತಿರ ಸುಳಿಯುವುದಿಲ್ಲ.

ಲಂಡನ್ ನಗರದ ದಕ್ಷಿಣಕ್ಕೆ ಮಿಚಮ್ ಎಂಬ ಊರಿದೆ. ಇನ್ನೂರು ವರ್ಷಗಳ ಹಿಂದೆ ಅಲ್ಲಿ ಲ್ಯಾವೆಂಡರ್ ಹೊಲಗಳಿದ್ದವು. ಬೇಸಿಗೆಯಲ್ಲಿ ಜನರು ಕುಡುಗೋಲು ಹಿಡಿದು ಹೂಗೊಂಚಲುಗಳನ್ನು ಕೊಯ್ಯುತ್ತಿದ್ದರು. ಅವುಗಳನ್ನು ನೀರಿನೊಂದಿಗೆ ದೊಡ್ಡ ತಾಮ್ರದ ಹಂಡೆಗೆ ತುಂಬಿ, ಬಾಯಿ ಮುಚ್ಚಿ, ಕೆಳಗೆ ಬೆಂಕಿ ಹಾಕುತ್ತಿದ್ದರು. ನೀರು ಕುದಿದಾಗ ಆವಿಯು ಹೂವಿನ ಎಣ್ಣೆಯನ್ನೂ ಹೊತ್ತುಕೊಂಡು ಕೊಳವೆಯೊಳಗೆ ಹೋಗುತ್ತದೆ. ಕೊಳವೆಯು ತಣ್ಣೀರಿನ ತೊಟ್ಟಿಯ ಮೂಲಕ ಹಾದುಹೋಗುತ್ತದೆ. ಅಲ್ಲಿ ಆವಿ ತಣಿದು ಹನಿಹನಿಯಾಗಿ ಇಳಿಯುತ್ತದೆ. ಎಣ್ಣೆ ನೀರಿಗಿಂತ ಹಗುರ. ಆದ್ದರಿಂದ ಅದು ಮೇಲೆ ತೇಲುತ್ತದೆ. ಅದನ್ನು ಬೇರ್ಪಡಿಸಿ ಸೀಸೆಗೆ ತುಂಬುತ್ತಾರೆ. ಗಾಡಿ ತುಂಬ ಹೂ ತಂದರೂ ಸಿಗುವ ಎಣ್ಣೆ ಸ್ವಲ್ಪವೇ!

ಲ್ಯಾವೆಂಡರ್ ಸುಗಂಧಕ್ಕೆ ಹೆಸರಾದ ಹಳೆಯ ಸಂಸ್ಥೆ ಯಾರ್ಡ್ಲಿ. 1770ರಲ್ಲಿ ಲಂಡನ್ನಿನಲ್ಲಿ ಸಾಬೂನು ಮತ್ತು ಸುಗಂಧದ ಈ ವ್ಯಾಪಾರವನ್ನು ಆರಂಭಿಸಿದವರು ಕ್ಲೀವರ್ ಮನೆತನದವರು. ಹಾಗಾದರೆ ಯಾರ್ಡ್ಲಿ ಎಂಬ ಹೆಸರು ಹೇಗೆ ಬಂತು? ವಿಲಿಯಂ ಯಾರ್ಡ್ಲಿ ಎಂಬವರು ಕತ್ತಿ, ಬಕಲ್ಲುಗಳನ್ನು ಮಾಡಿಸಿ ಮಾರುವವರು. ಅವರ ಮಗಳನ್ನು ಕ್ಲೀವರ್ ಮನೆಗೆ ಕೊಟ್ಟಿದ್ದರು. ಅಳಿಯನ ವ್ಯಾಪಾರ ನಷ್ಟಕ್ಕೆ ಬಿದ್ದಿತು. ಮಾವ ಅದನ್ನು ವಹಿಸಿಕೊಂಡರು. ಕತ್ತಿ ಮಾರುತ್ತಿದ್ದವರ ಹೆಸರು ಹೂವಿನ ಪರಿಮಳಕ್ಕೆ ಅಂಟಿಕೊಂಡಿತು ನೋಡಿ! 1851ರಲ್ಲಿ ಲಂಡನ್ನಿನಲ್ಲಿ ನಡೆದ ಮಹಾ ವಸ್ತುಪ್ರದರ್ಶನದಲ್ಲಿ ಈ ಸಂಸ್ಥೆಯ ಸಾಬೂನೂ ಇತ್ತು.

ಇತ್ತ ಲಂಡನ್ ನಗರ ಬೆಳೆಯುತ್ತಲೇ ಹೋಯಿತು. ಮನೆ ಕಟ್ಟಲು ಜಾಗ ಬೇಕಾಯಿತು. ಮಿಚಮ್ಮಿನ ಹೊಲಗಳು ಒಂದೊಂದಾಗಿ ಮಾಯವಾದವು. ಹಂಡೆಗಳ ಕೆಳಗಿನ ಬೆಂಕಿ ಆರಿತು. ಹೂ ಕೊಯ್ಯುತ್ತಿದ್ದ ಜನರು ಬೇರೆ ಕೆಲಸ ಹುಡುಕಬೇಕಾಯಿತು. ಈಗ ಅಲ್ಲಿ ಸಾಲು ಸಾಲು ಮನೆಗಳಿವೆ. ಒಂದು ರಸ್ತೆಯ ಹೆಸರು ಮಾತ್ರ ಲ್ಯಾವೆಂಡರ್ ಅವೆನ್ಯೂ.

ಯಾರ್ಡ್ಲಿಯ ಒಡೆತನವೂ ಕೈಯಿಂದ ಕೈಗೆ ಬದಲಾಯಿತು. 2009ರಲ್ಲಿ ಏಷ್ಯಾದ ಹಲವು ದೇಶಗಳಲ್ಲಿನ ಅದರ ವ್ಯಾಪಾರವನ್ನು ಒಂದು ಭಾರತೀಯ ಸಂಸ್ಥೆ ಕೊಂಡುಕೊಂಡಿತು. 2012ರಲ್ಲಿ ಇಂಗ್ಲೆಂಡಿನ ವ್ಯಾಪಾರವನ್ನೂ ಕೊಂಡಿತು. ಆ ಸಂಸ್ಥೆ ಯಾವುದು ಗೊತ್ತೇ? ಬೆಂಗಳೂರಿನ ವಿಪ್ರೋ.